ವಿಂಡೋಸೋ, ಲಿನಕ್ಸೋ, ಮ್ಯಾಕೋ: ಕನ್ನಡದಲ್ಲಿ ಕೆಲಸ ಮಾಡುವವರು ಆರಿಸಿಕೊಳ್ಳುವ ಬಗೆ

ಧಾರವಾಡದಲ್ಲಿ ವಿಶ್ವವಿದ್ಯಾಲಯದ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಪಿಎಚ್‌.ಡಿ ಪ್ರಬಂಧ, ಅಭಿನಂದನ ಗ್ರಂಥ, ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ವಾರ್ಷಿಕ ವರದಿ, ಇವೇ ನನ್ನ ದಿನದ ಕೆಲಸ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಬೆಂಬಲ ನಿಂತ ಮೇಲೆ ಅಂಗಡಿಗೆ ಬರುವವರು ಪುಟಕ್ಕೆ ಎಷ್ಟು ಎಂದು ಕೇಳುವ ಮೊದಲೇ ಇನ್ನೊಂದು ಕೇಳುತ್ತಾರೆ: "ಅಕ್ಕಾರ, ನಮ್ಮ ಹಳೇ ಕಂಪ್ಯೂಟರಿಗೆ ಈಗ ಏನ್ ಹಾಕಸೋಣ್ರಿ?" ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಒಲವು ಯಾವ ಕಡೆಗಿದೆ ಎಂಬುದು ಮೊದಲೇ ಗೊತ್ತಿರಲಿ. ನಾನು ದಿನವಿಡೀ ಕೂರುವ ಯಂತ್ರದಲ್ಲಿರುವುದು ಲಿನಕ್ಸ್ ಮಿಂಟ್, ಲಿನಕ್ಸಿನ ಹಲವು ಬಗೆಗಳಲ್ಲಿ ಒಂದು. ಪಕ್ಕದ ಮೇಜಿನ ಮೇಲೆ ವಿಂಡೋಸ್ ಇರುವ ಇನ್ನೊಂದು ಯಂತ್ರವೂ ಇದೆ, ಅದು ಏಕಿದೆ ಎಂಬುದು ಮುಂದೆ ಬರುತ್ತದೆ. ಮಿಂಟ್ ಎಂದರೆ ನನಗೆ ಪ್ರೀತಿ, ಅದನ್ನು ಮುಚ್ಚಿಡುವುದಿಲ್ಲ. ಆದರೂ ನಿಮಗೆ ಹೇಳುವುದು ಬೇರೆಯೇ ಇದೆ. ಓಎಸ್ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಆಪರೇಟಿಂಗ್ ಸಿಸ್ಟಂ) ಯಾವುದಾದರೂ ಇಷ್ಟವಾಗಲಿ, ನಿಷ್ಠೆಯನ್ನು ಮಾತ್ರ ನಿಮ್ಮ ಫೈಲುಗಳಿಗೂ ನಿಮ್ಮ ಬೆರಳಿಗೆ ಅಭ್ಯಾಸವಾದ ಕೀಲಿಗಳಿಗೂ ಮೀಸಲಿಡಿ. ಆ ಎರಡನ್ನು ಜೊತೆಗೆ ಒಯ್ಯಲು ಬಿಡುವ ಓಎಸ್ಸನ್ನು ಆರಿಸಿಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಇದಕ್ಕಾಗಿಯೇ.

ಕೆಲಸದ ಪಟ್ಟಿ, ಮೂರು ಕಲಂ

ಒಂದು ಹಾಳೆ ತೆಗೆದುಕೊಂಡು, ಕಳೆದ ವರ್ಷ ಕಂಪ್ಯೂಟರಿನಲ್ಲಿ ನೀವು ನಿಜವಾಗಿ ಮಾಡಿದ ಕೆಲಸಗಳನ್ನು ಬರೆಯಿರಿ. ಮುಂದೆ ಕಲಿಯಬೇಕೆಂದಿರುವುದು ಅದರಲ್ಲಿ ಬೇಡ. ಪ್ರತಿ ಕೆಲಸದ ಎದುರು ಅದಕ್ಕೆ ಬಳಸಿದ ತಂತ್ರಾಂಶದ ಹೆಸರು. ಮೂರನೆಯ ಕಲಂನಲ್ಲಿ, ಆ ಫೈಲು ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಬರೆಯಿರಿ.

ಎರಡನೆಯ ಕಲಂನಲ್ಲಿ ಕೆಲವು ಹೆಸರು ಕಂಡರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ಪ್ರೈಮ್ ವಿಂಡೋಸಿನ ತಂತ್ರಾಂಶ. ಅಂಗಡಿಯ ಲೆಕ್ಕವನ್ನೆಲ್ಲ ಟ್ಯಾಲಿಯಲ್ಲಿ ಇಟ್ಟವರು ಆ ಯಂತ್ರವನ್ನು ವಿಂಡೋಸಿನಲ್ಲೇ ಇಡಿ. ಆಟೋಕ್ಯಾಡ್, ಕೋರೆಲ್‌ಡ್ರಾ, ಫೋಟೋಶಾಪ್, ಇನ್‌ಡಿಸೈನ್ ಇವು ವಿಂಡೋಸಿಗೂ ಮ್ಯಾಕಿಗೂ ಇವೆ, ಲಿನಕ್ಸಿಗಿಲ್ಲ. ಐಫೋನ್ ಆ್ಯಪ್ ಬರೆಯುವವರಿಗೆ ಎಕ್ಸ್‌ಕೋಡ್ ಬೇಕು, ಅದು ಮ್ಯಾಕಿನಲ್ಲಿ ಮಾತ್ರ. ನಮ್ಮ ಓಣಿಯ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಹುಡುಗ ಫೈನಲ್ ಕಟ್ ಕಲಿತಿದ್ದಾನೆ, ಅವನೂ ಮ್ಯಾಕ್ ಬಿಡುವಂತಿಲ್ಲ. ಅದೇ ಕೆಲಸವನ್ನು ಡಾವಿಂಚಿ ರಿಸಾಲ್ವ್‌ನಲ್ಲಿ ಕಲಿತವರಿಗೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ಹೊಸದಾಗಿ ಏನಾದರೂ ಕಲಿಯಲು ಹೊರಟ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ಎರಡು ತಂತ್ರಾಂಶ ಸರಿಸಮ ಕಂಡರೆ ಮೂರೂ ಕಡೆ ನಡೆಯುವುದನ್ನು ಕಲಿಯಿರಿ. ಕೈಗೆ ಹತ್ತಿದ ವಿದ್ಯೆ ಒಂದೇ ಕಂಪನಿಯ ಯಂತ್ರಕ್ಕೆ ಕಟ್ಟುಬೀಳಬಾರದು.

ಪಟ್ಟಿಯಲ್ಲಿರುವುದೆಲ್ಲ ಬ್ರೌಸರಿನಲ್ಲೇ ಮುಗಿಯುವ ಕೆಲಸವಾಗಿದ್ದರೆ, ಅಂದರೆ ಮೇಲ್, ಬ್ಯಾಂಕು, ಸೇವಾ ಸಿಂಧು, ಯೂಟ್ಯೂಬ್, ಆಗ ಈ ಹಂತ ದಾಟಿದಂತೆಯೇ.

ಹೆಚ್ಚಿನವರು ಬರೆಯದೆ ಬಿಡುವುದು ಮೂರನೆಯ ಕಲಂ. ನನ್ನ ಅಂಗಡಿಯ ವಿಂಡೋಸ್ ಯಂತ್ರ ಉಳಿದಿರುವುದು ಅದರಿಂದಾಗಿಯೇ. ನಾನು ಕೆಲಸ ಕಳಿಸುವ ಗದಗ, ಹುಬ್ಬಳ್ಳಿಯ ಪ್ರೆಸ್ಸುಗಳಲ್ಲಿ ಕೆಲವರು ಇವತ್ತಿಗೂ ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಫೈಲನ್ನೇ ಕೇಳುತ್ತಾರೆ. 2001ರಲ್ಲಿ ಬಂದ 7ನೆಯ ಆವೃತ್ತಿಯ ನಂತರ ಅಡೋಬಿ ಕಂಪನಿ ಪೇಜ್‌ಮೇಕರನ್ನು ಮುಂದುವರಿಸಲಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್ ಅದಕ್ಕೆ ತಿಳಿಯದು, ಕನ್ನಡ ಬೇಕಾದರೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲೇ ಕೂಡಿಸಬೇಕು. ಪ್ಲೇಟ್ ಮಾಡುವ ಮುನ್ನ ಅವರೇ ಒಂದೆರಡು ಅಕ್ಷರ ತಿದ್ದಬೇಕಾಗುತ್ತದೆ, ಮಾರ್ಜಿನ್ ಸರಿಸಬೇಕಾಗುತ್ತದೆ, ಪಿಡಿಎಫ್ ಕೊಟ್ಟರೆ ಅವರ ಕೈ ಕಟ್ಟಿದಂತೆ. ಅವರ ಮಾತಿನಲ್ಲಿ ನ್ಯಾಯವಿದೆ. ನನಗೆ ಮಿಂಟ್ ಎಷ್ಟೇ ಇಷ್ಟವಾದರೂ ಅವರ ಕೆಲಸಕ್ಕೆ ಅವರ ಫೈಲನ್ನೇ ಕೊಡುತ್ತೇನೆ.

ಒಂದು ಇಡೀ ನಗರಕ್ಕೂ ಈ ಮೂರನೆಯ ಕಲಂ ತೊಡಕಾದದ್ದುಂಟು. ಜರ್ಮನಿಯ ಮ್ಯೂನಿಕ್ ನಗರಾಡಳಿತ ತನ್ನ ಕಚೇರಿಗಳನ್ನು ಲಿನಕ್ಸಿಗೆ ತರಲು 2003ರಲ್ಲಿ ತೀರ್ಮಾನಿಸಿತು. ಲಿಮಕ್ಸ್ ಎಂಬ ತನ್ನದೇ ಆವೃತ್ತಿ ಮಾಡಿಕೊಂಡು, 2013ರ ಹೊತ್ತಿಗೆ ಸುಮಾರು 15,000 ಯಂತ್ರಗಳನ್ನು ಬದಲಿಸಿತು. 2017ರಲ್ಲಿ ವಿಂಡೋಸಿಗೆ ಮರಳುವ ತೀರ್ಮಾನ ಬಂತು. ಅದರಲ್ಲಿ ರಾಜಕೀಯದ ಪಾಲೂ ಇತ್ತು. ಆದರೆ ಹೊರಗಿನವರೊಂದಿಗೆ ಕಡತ ಹಂಚಿಕೊಳ್ಳುವ ತೊಂದರೆ, ವಿಂಡೋಸಿಗೆಂದೇ ಮಾಡಿದ ಕೆಲವು ತಂತ್ರಾಂಶಗಳು, ಇವು ಆ ಚರ್ಚೆಯಲ್ಲಿ ಮತ್ತೆ ಮತ್ತೆ ಬಂದವು. ಇತ್ತ ಪಕ್ಕದ ಕೇರಳದಲ್ಲಿ ಸರ್ಕಾರದ ಕೈಟ್ ಸಂಸ್ಥೆ ಲಿನಕ್ಸಿನ ಇನ್ನೊಂದು ಬಗೆಯಾದ ಉಬುಂಟು ಆಧರಿಸಿದ ಓಎಸ್ಸನ್ನು ಶಾಲೆಗಳಿಗೆ ಕೊಡುತ್ತ ಬಂದಿದೆ. ಪಾಠ, ಶಿಕ್ಷಕರ ತರಬೇತಿ ಎರಡನ್ನೂ ಅದಕ್ಕೆ ಹೊಂದಿಸಿದ್ದಾರೆ. ಮೇಷ್ಟ್ರ ಯಂತ್ರದಲ್ಲಿರುವುದೇ ಮಕ್ಕಳ ಯಂತ್ರದಲ್ಲೂ ಇದ್ದಾಗ ಲಿನಕ್ಸ್ ಯಾರಿಗೂ ಭಾರವಾಗುವುದಿಲ್ಲ. ನಿಮ್ಮ ಸುತ್ತ ಯಾರಿದ್ದಾರೆ, ಅವರ ಕೈಯಲ್ಲಿ ಏನಿದೆ ಎಂಬುದನ್ನು ಪಟ್ಟಿಯಲ್ಲಿ ಕಾಣಿಸಿ.

ಕನ್ನಡದ ಪರೀಕ್ಷೆ

ಕನ್ನಡದಲ್ಲಿ ಬರೆಯುವವರು ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಓಎಸ್ ಹೋಲಿಸಿ ಬರೆಯುವ ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ.

ಮೊದಲು, ನಿಮ್ಮ ಬೆರಳು ಕಲಿತಿರುವ ವಿನ್ಯಾಸ ಯಾವುದು ಎಂದು ತಿಳಿದುಕೊಳ್ಳಿ. ಬಹಳ ಮಂದಿಗೆ ತಾವು "ನುಡಿ ಟೈಪಿಂಗ್" ಮಾಡುತ್ತೇವೆ ಎಂಬುದಷ್ಟೇ ಗೊತ್ತು. ಅದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಅದನ್ನು ಅಳವಡಿಸಿದ್ದರಿಂದ ಕಗಪ ವಿನ್ಯಾಸ ಎಂದೂ ಹೆಸರಾಯಿತು. ಎಫ್ ಕೀಲಿ ಒತ್ತಿ ಒತ್ತಕ್ಷರ ಕೂಡಿಸುವವರು ನೀವಾಗಿದ್ದರೆ ನಿಮ್ಮದು ಇದೇ. ಎರಡನೆಯದು ಇನ್‌ಸ್ಕ್ರಿಪ್ಟ್: ಭಾರತದ ಹೆಚ್ಚಿನ ಲಿಪಿಗಳಿಗೆ ಒಂದೇ ಮಾದರಿ, ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಮೂರನೆಯದು, ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆದರೆ ಕನ್ನಡವಾಗುವ ಲಿಪ್ಯಂತರ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ತಂದ ಬರಹ ಎಂಬ ತಂತ್ರಾಂಶದಿಂದ ಇದು ಸಾವಿರಾರು ಮನೆಗಳಿಗೆ ಪರಿಚಯವಾಯಿತು.

ಹತ್ತು ಹದಿನೈದು ವರ್ಷ ಕಗಪದಲ್ಲಿ ಓಡಿದ ಬೆರಳನ್ನು ಇನ್‌ಸ್ಕ್ರಿಪ್ಟಿಗೆ ತಿರುಗಿಸುವುದು ಎಂದರೆ ಎಡಗೈಯಲ್ಲಿ ರಂಗೋಲಿ ಹಾಕಲು ಹೊರಟಂತೆ. ಕೀಲಿಗಳನ್ನು ಬದಲಿಸಬೇಡಿ. ಆ ಕೀಲಿಗಳನ್ನು ಕೊಡುವ ವ್ಯವಸ್ಥೆ ಹುಡುಕಿ.

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್ ಒಳಗೆ ಭಾಷೆಯ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಸಿಗುತ್ತದೆ. 2019ರ ಅಪ್‌ಡೇಟ್‌ನಿಂದ ಫೊನೆಟಿಕ್ ಕೀಬೋರ್ಡ್ ಕೂಡ ಸೇರಿದೆ, ಅದು ಲಿಪ್ಯಂತರದ ಬಗೆಯದು. ಕಗಪ ಬೇಕಾದರೆ ನುಡಿಯನ್ನು ಹಾಕಿಕೊಳ್ಳಬೇಕು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಮ್ಯಾಕಿನಲ್ಲಿ ಕೀಬೋರ್ಡ್ ಸೆಟ್ಟಿಂಗಿನ ಇನ್‌ಪುಟ್ ಸೋರ್ಸಸ್‌ನಲ್ಲಿ ಕನ್ನಡ ಇದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಅದನ್ನು ತೆರೆಸಿ ನಿಮ್ಮ ವಿನ್ಯಾಸ ಅಲ್ಲಿದೆಯೇ ಎಂದು ಹೊಡೆದು ನೋಡಿ.

ಲಿನಕ್ಸಿನಲ್ಲಿ ಕಗಪ ಎರಡು ದಾರಿಯಲ್ಲಿ ಬರುತ್ತದೆ. ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲೇ "ಕನ್ನಡ, ಕಗಪ" ಎಂಬುದು ಇದೆ, ಏನನ್ನೂ ಇಳಿಸಿಕೊಳ್ಳಬೇಕಿಲ್ಲ. ಇನ್ನೊಂದು, ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯ ಮೂಲಕ ಬರುವ ಎಂ17ಎನ್ ಕಗಪ. ಸ್ವರಗಳನ್ನೂ ಸ್ವರಚಿಹ್ನೆಗಳನ್ನೂ ಮೂಡಿಸುವುದರಲ್ಲಿ ಎರಡೂ ಸ್ವಲ್ಪ ಬೇರೆ ಬೇರೆ. ನುಡಿಯಲ್ಲಿ ಪಳಗಿದವರಿಗೆ ಎರಡನೆಯದೇ ಒಗ್ಗುತ್ತದೆ, ನಾನು ಬಳಸುವುದೂ ಅದನ್ನೇ. ಕೆಲಸದ ಬೆರಳುಗಳಿಗೆ ಇಷ್ಟು ಗೌರವ ಕೊಟ್ಟ ವ್ಯವಸ್ಥೆಯನ್ನು ಯಾವುದೋ ಊರಿನ ಸ್ವಯಂಸೇವಕರು ಕಟ್ಟಿ ಉಚಿತವಾಗಿ ಕೊಟ್ಟರಲ್ಲ, ನನಗೆ ಲಿನಕ್ಸ್ ಮೇಲೆ ಮೊದಲು ಪ್ರೀತಿ ಹುಟ್ಟಿದ್ದು ಅದಕ್ಕೆ.

ವಿನ್ಯಾಸ ಸಿಕ್ಕ ಮೇಲೆ ಈ ಪದಗಳನ್ನು ಟೈಪ್ ಮಾಡಿ: ಸ್ತ್ರೀ, ರಾಷ್ಟ್ರೀಯ, ವೈಶಿಷ್ಟ್ಯ, ಲಕ್ಷ್ಮೀ, ಜ್ಞಾನ, ಸಂಸ್ಕೃತಿ, ಸೂರ್ಯ, ಕರ್ತೃ. ಒತ್ತಕ್ಷರ ಕೆಳಗೆ ಸರಿಯಾಗಿ ಕೂತಿದೆಯೇ, ಅರ್ಕಾವತ್ತು ತನ್ನ ಜಾಗದಲ್ಲಿದೆಯೇ, ಸಾಲಿನ ಕೆಳಗಿನ ಭಾಗ ಕತ್ತರಿಸಿ ಹೋಗಿದೆಯೇ ನೋಡಿ. ಆಮೇಲೆ "ರ‍್ಯಾಂಕ್" ಎಂದು ಬರೆಯಿರಿ. ಅರ್ಕಾವತ್ತು ಬಾರದಂತೆ ರಕಾರ ಪೂರ್ತಿ ಉಳಿದು ಯಕಾರ ಒತ್ತಾಗಬೇಕು. "ಲಿನಕ್ಸ್‌ನಲ್ಲಿ" ಎಂದು ಬರೆಯಿರಿ, ಸಕಾರದ ಕೆಳಗೆ ನಕಾರ ಅಂಟಿಕೊಳ್ಳಬಾರದು. ಎರಡಕ್ಕೂ ಕಣ್ಣಿಗೆ ಕಾಣದ ಕೂಡಿಕೆಯ ಅಕ್ಷರಗಳು ಬೇಕು, ನಿಮ್ಮ ವಿನ್ಯಾಸದಲ್ಲಿ ಅವು ಯಾವ ಕೀಲಿಯಲ್ಲಿವೆ ಎಂದು ಪತ್ತೆ ಮಾಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹಳಗನ್ನಡದ ಮೇಲೆ ಪ್ರಬಂಧ ಬರೆಯುತ್ತಿದ್ದರೆ ೞ ಮತ್ತು ಱ ಎರಡೂ ಮೂಡುತ್ತವೆಯೇ, ಆರಿಸಿದ ಫಾಂಟಿನಲ್ಲಿ ಅವುಗಳ ಆಕಾರ ಇದೆಯೇ ನೋಡಿ. ನಮ್ಮಲ್ಲಿ ಕನ್ನಡ ಅಧ್ಯಯನ ಪೀಠದ ವಿದ್ಯಾರ್ಥಿಗಳಿಗೆ ಇದು ದಿನದ ಅಗತ್ಯ.

ಫಾಂಟಿನ ಮಾತು. ವಿಂಡೋಸಿನ ಜೊತೆ ಬರುವ ತುಂಗಾ, ನಿರ್ಮಲಾ ಯುಐ ಬೇರೆ ಕಡೆ ಇರುವುದಿಲ್ಲ. ಅವುಗಳಲ್ಲಿ ಕೂಡಿಸಿದ ಪ್ರಬಂಧವನ್ನು ಇನ್ನೊಂದು ಓಎಸ್ಸಿನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಕೂರುತ್ತದೆ, ಅಕ್ಷರದ ಅಗಲ ಬದಲಾಗುತ್ತದೆ, ಪುಟ ಜರುಗುತ್ತದೆ, ಪರಿವಿಡಿಯಲ್ಲಿ ಕೈಯಾರೆ ಹಾಕಿದ ಪುಟಸಂಖ್ಯೆ ಎಲ್ಲ ತಪ್ಪುತ್ತದೆ. ನೋಟೊ ಸೆರಿಫ್ ಕನ್ನಡ, ಲೋಹಿತ್, ನವಿಲು, ಗುಬ್ಬಿ ಇವು ಮುಕ್ತ ಫಾಂಟುಗಳು, ಮೂರೂ ಓಎಸ್ಸಿನಲ್ಲಿ ಹಾಕಿಕೊಳ್ಳಬಹುದು, ಇನ್ನೊಬ್ಬರಿಗೂ ಕೊಡಬಹುದು. ಮುಖ್ಯವಾದ ಬರಹವನ್ನು ಮುಕ್ತ ಫಾಂಟಿನಲ್ಲೇ ಕೂಡಿಸಿ. ಲಿಬ್ರೆಆಫೀಸಿನಲ್ಲಿ ಫೈಲಿನ ಪ್ರಾಪರ್ಟೀಸ್‌ಗೆ ಹೋದರೆ ಫಾಂಟನ್ನು ಫೈಲಿನೊಳಗೇ ಸೇರಿಸಿಡುವ ಆಯ್ಕೆ ಇದೆ, ಅದನ್ನೂ ಒತ್ತಿಡಿ.

ಹಳೆಯ ಫೈಲುಗಳನ್ನು ಉಳಿಸಿಕೊಳ್ಳುವುದು

ಓಎಸ್ ಬದಲಿಸಿದ ಮೇಲೆ ನನ್ನ ಬಳಿ ಓಡಿ ಬರುವ ವಿದ್ಯಾರ್ಥಿಗಳ ಮಾತು ಹೆಚ್ಚುಕಡಿಮೆ ಒಂದೇ. "ಮೇಡಂ, ಫೈಲ್ ತಗದ್ರ ಬರೇ ಇಂಗ್ಲಿಷ್ ಅಕ್ಷರದ ರಾಶಿ ಕಾಣಸ್ತದ್ರಿ. ನನ್ನ ಎರಡನೇ ಅಧ್ಯಾಯ ಹೋತೇನ್ರಿ?" ಹೋಗಿಲ್ಲ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟುಗಳು ಇಂಗ್ಲಿಷಿನ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂಡಿಸಿಟ್ಟಂಥವು. ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷ್ ಸಂಕೇತಗಳೇ ಮೇಲೆ ಬಂದು ಕಾಣುತ್ತವೆ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್ ಫೈಲನ್ನು ತಂದು ಹೊಸದರಲ್ಲಿ ಹಾಕಿದರೆ, ಲಿನಕ್ಸ್ ಆಗಲಿ ಮ್ಯಾಕ್ ಆಗಲಿ, ಓದುವುದಕ್ಕಂತೂ ಬರುತ್ತದೆ.

ಅದು ಓದುವುದಕ್ಕೆ ಮಾತ್ರ. ಹುಡುಕಲು, ಅಕಾರಾದಿಯಾಗಿ ಜೋಡಿಸಲು, ಫೋನಿನಲ್ಲಿ ತೆರೆಯಲು ಅದನ್ನು ಯೂನಿಕೋಡಿಗೆ ಬದಲಿಸಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ನುಡಿಯಲ್ಲೇ ಒಂದಿದೆ. ಈ ಕೆಲಸವನ್ನು ಹಳೆಯ ಓಎಸ್ ಇನ್ನೂ ಬದುಕಿರುವಾಗಲೇ ಮಾಡಿ, ಮೂಲವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಓದಲು ಆಗುತ್ತದೆ. ಪರಿವರ್ತನೆಯಲ್ಲಿ ಸಾಮಾನ್ಯವಾಗಿ ಕೆಡುವ ಜಾಗಗಳು ನನಗೆ ಬಾಯಿಪಾಠವಾಗಿವೆ: ಅರ್ಕಾವತ್ತು, ಎರಡೆರಡು ಒತ್ತು ಇರುವ ಅಕ್ಷರ, ಉದ್ಧರಣ ಚಿಹ್ನೆ, ಕನ್ನಡ ಅಂಕಿ. ಕನ್ನಡದ ನಡುವೆ ಬಂದ ಇಂಗ್ಲಿಷ್ ಹೆಸರುಗಳೂ ಪರಿವರ್ತನೆಗೆ ಸಿಕ್ಕಿ ಅರ್ಥವಿಲ್ಲದ ಕನ್ನಡವಾಗುತ್ತವೆ, ಗ್ರಂಥಋಣದ ಪುಟಗಳನ್ನು ಸಾಲು ಸಾಲು ನೋಡಿ. ಪ್ರತಿ ಫೈಲಿಗೂ ಮೂರು ರೂಪ ಇಡಿ: ಮೂಲ, ಯೂನಿಕೋಡ್, ಪಿಡಿಎಫ್. ಸಾಗಿಸುವ ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿ. ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ.

ನಿಮ್ಮ ಯಂತ್ರಕ್ಕೆ ಏನು ಹಿಡಿಸುತ್ತದೆ

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಕೇಳುವುದು 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಮಾಡಬಲ್ಲ ಯುಇಎಫ್‌ಐ, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೆಯ ತಲೆಮಾರಿನಿಂದ ಈಚಿನದು. ಪ್ರೊಸೆಸರಿನ ಹೆಸರಲ್ಲಿ ಐ5 ಆದ ಮೇಲೆ ಬರುವ ಸಂಖ್ಯೆ 7200 ಎಂದಿದ್ದರೆ 7ನೆಯದು, 8250 ಎಂದಿದ್ದರೆ 8ನೆಯದು. ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಎಂಬ ಆ್ಯಪ್ ಹಾಕಿದರೆ ಎಲ್ಲವನ್ನೂ ಅದೇ ನೋಡಿ ಹೇಳುತ್ತದೆ. ಆಗದ ಯಂತ್ರಕ್ಕೂ ಅಡ್ಡದಾರಿಯಲ್ಲಿ 11 ಹಾಕಿಕೊಡುವವರು ಊರಲ್ಲಿದ್ದಾರೆ. ನಾಳೆಯ ಅಪ್‌ಡೇಟ್ ಬರುತ್ತದೆಂಬ ಖಾತ್ರಿ ಅದಕ್ಕಿಲ್ಲ, ದುಡಿಮೆಯ ಯಂತ್ರಕ್ಕೆ ಅದು ಬೇಡವೇ ಬೇಡ. 10ರಲ್ಲೇ ಸ್ವಲ್ಪ ಕಾಲ ಇರಬೇಕಾದ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟಿನ ಹೆಚ್ಚುವರಿ ಯೋಜನೆ ಎಂದು ಮೈಕ್ರೋಸಾಫ್ಟ್ ಪ್ರಕಟಿಸಿದೆ, ಅದಕ್ಕೆ ಹೆಸರು ನೋಂದಾಯಿಸಬೇಕು.

ಮಿಂಟ್ 22ಕ್ಕೆ 4 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿಯಾಗಿ ನಡೆಯುತ್ತದೆ, ಬೆಂಬಲ 2029ರವರೆಗೆ. ಹಳೆಯ ಲ್ಯಾಪ್‌ಟಾಪಿಗೆ ಯಾವ ಓಎಸ್ ಹಾಕುವುದಾದರೂ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಓಎಸ್ ಬದಲಾವಣೆಗಿಂತ ಹೆಚ್ಚು ವೇಗ ಅದರಿಂದಲೇ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಮ್ಯಾಕ್ ನೋಡುತ್ತಿರುವವರು ಪ್ರೊಸೆಸರ್ ಯಾವುದೆಂದು ಕೇಳಿ. 2025ರಲ್ಲಿ ಬಂದ ಟಾಹೋ, ಇಂಟೆಲ್ ಮ್ಯಾಕುಗಳಿಗೆ ಸಿಗುವ ಕೊನೆಯ ಮ್ಯಾಕ್‌ಓಎಸ್ ಎಂದು ಆ್ಯಪಲ್ ಹೇಳಿಬಿಟ್ಟಿದೆ. 2020ರ ನವೆಂಬರಿನಲ್ಲಿ ಬಂದ ಆ್ಯಪಲಿನದೇ ಪ್ರೊಸೆಸರ್ ಎಂ1 ಅಥವಾ ಅದರ ನಂತರದ್ದನ್ನೇ ಕೊಳ್ಳಿ.

ಹಾಕುವ ಮೊದಲು ಪೆನ್‌ಡ್ರೈವಿನಿಂದ ನಡೆಸಿ ನೋಡಿ

ಲಿನಕ್ಸಿನ ದೊಡ್ಡ ಅನುಕೂಲ ಇದು. 8 ಜಿಬಿ ಪೆನ್‌ಡ್ರೈವಿಗೆ ಮಿಂಟಿನ ತಾಣದಲ್ಲಿ ಸಿಗುವ ಐಎಸ್‌ಓ ಫೈಲನ್ನು ರೂಫಸ್ ಅಥವಾ ಎಚರ್ ತಂತ್ರಾಂಶದಿಂದ ಬರೆಯಿರಿ. ಯಂತ್ರ ಆನ್ ಮಾಡುತ್ತಲೇ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಸ್ಕೇಪ್ ಒತ್ತಿ ಆಮೇಲೆ ಎಫ್9 ಒತ್ತಿದರೆ ಪೆನ್‌ಡ್ರೈವಿನಿಂದ ಶುರು ಮಾಡುವ ಆಯ್ಕೆ ಬರುತ್ತದೆ. ಡಿಸ್ಕನ್ನು ಮುಟ್ಟದೆ ಇಡೀ ಓಎಸ್ ನಡೆಯುತ್ತದೆ, ಆಫ್ ಮಾಡಿದರೆ ಗುರುತೇ ಉಳಿಯುವುದಿಲ್ಲ.

ಆ ಹೊತ್ತಿನಲ್ಲಿ ವಾಲ್‌ಪೇಪರ್ ನೋಡುತ್ತ ಕೂರಬೇಡಿ. ವೈಫೈ ಹಿಡಿಯುತ್ತದೆಯೇ, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ, ಪ್ರೊಜೆಕ್ಟರಿಗೆ ಹಚ್ಚಿದರೆ ಕಾಣುತ್ತದೆಯೇ, ಮೇಲೆ ಹೇಳಿದ ಕನ್ನಡ ಪದಗಳು ಮೂಡುತ್ತವೆಯೇ ನೋಡಿ. ನಂತರ ಪ್ರಿಂಟರ್. ಎಚ್‌ಪಿಯ ಬಹುಪಾಲು ಪ್ರಿಂಟರುಗಳಿಗೆ ಬೇಕಾದ ತಂತ್ರಾಂಶ ಮಿಂಟಿನಲ್ಲೇ ಇರುತ್ತದೆ. ನಮ್ಮ ಕಡೆ ಝೆರಾಕ್ಸ್ ಅಂಗಡಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಕ್ಯಾಪ್ಟ್ ಎಂಬ ಬೇರೆಯೇ ಕ್ರಮದಲ್ಲಿ ನಡೆಯುವಂಥದು, ಅದಕ್ಕೆ ಪ್ರತ್ಯೇಕ ಡ್ರೈವರ್ ಹುಡುಕಿ ಹಾಕಬೇಕು. ಆ ಪ್ರಿಂಟರ್ ನಿಮ್ಮ ಅನ್ನದ ದಾರಿಯಾಗಿದ್ದರೆ, ಹಚ್ಚಿ ಒಂದು ಪುಟ ತೆಗೆಯುವವರೆಗೂ ತೀರ್ಮಾನ ಮಾಡಬೇಡಿ. ಟೆಂಡರ್ ಹಾಕುವವರು ಡಿಜಿಟಲ್ ಸಹಿಯ ಟೋಕನನ್ನೂ ಹೀಗೆಯೇ ಪರೀಕ್ಷಿಸಿ.

ಎರಡೂ ಓಎಸ್ ಒಂದೇ ಯಂತ್ರದಲ್ಲಿ ಬೇಕೆಂದರೆ ಮೊದಲು ವಿಂಡೋಸಿನ ಡಿಸ್ಕ್ ಬಿಟ್‌ಲಾಕರಿನಿಂದ ಲಾಕ್ ಆಗಿದೆಯೇ ನೋಡಿ. ಈಚಿನ ಲ್ಯಾಪ್‌ಟಾಪುಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಆಗಿರಬಹುದು. ಅದರ 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳದೆ ಪಾರ್ಟಿಶನ್, ಅಂದರೆ ಡಿಸ್ಕಿನ ವಿಭಾಗಗಳನ್ನು, ಮುಟ್ಟಬಾರದು. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿರುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಆಮೇಲೆ ಗಡಿಯಾರ ಐದೂವರೆ ಗಂಟೆ ತಪ್ಪಿ ಕಂಡರೆ ಗಾಬರಿ ಬೇಡ: ಮದರ್‌ಬೋರ್ಡಿನಲ್ಲಿ ವಿಂಡೋಸ್ ಭಾರತದ ಸಮಯ ಬರೆದಿಡುತ್ತದೆ, ಲಿನಕ್ಸ್ ಜಾಗತಿಕ ಸಮಯ ಬರೆಯುತ್ತದೆ. ಲಿನಕ್ಸಿಗೆ ಸ್ಥಳೀಯ ಸಮಯ ಬಳಸಲು ಹೇಳಿದರೆ ಸರಿಹೋಗುತ್ತದೆ.

ಒಂದಕ್ಕಿಂತ ಹೆಚ್ಚು ಉಳಿದರೆ ಇಷ್ಟದಂತೆ ನಡೆಯಿರಿ

ಇಷ್ಟೆಲ್ಲ ಸೋಸಿದ ಮೇಲೂ ಹೆಚ್ಚಿನವರಿಗೆ ಎರಡು ಆಯ್ಕೆ ಉಳಿಯುತ್ತವೆ. ಆಗ ಜನ ಮತ್ತೆ ಹೋಲಿಕೆಯ ಪಟ್ಟಿ ಹಿಡಿದು ಕೂರುತ್ತಾರೆ, ಯಾವುದಕ್ಕೆ ಎಷ್ಟು ಅಂಕ ಎಂದು. ಅದು ಬೇಕಿಲ್ಲ. ಇಷ್ಟವಾದದ್ದನ್ನು ಇಷ್ಟವಾಗಿದೆ ಎಂಬ ಒಂದೇ ಕಾರಣಕ್ಕೆ ಆರಿಸಿ. ದಿನಕ್ಕೆ ಎಂಟು ಗಂಟೆ ನೋಡುವ ಪರದೆ ಅದು. ಪುಣೆಯಲ್ಲಿರುವ ನನ್ನ ತಮ್ಮ ಮ್ಯಾಕ್ ಬಿಡುವುದಿಲ್ಲ. ಟ್ರ್ಯಾಕ್‌ಪ್ಯಾಡ್ ಬೆರಳಿಗೆ ಹಿತ, ಅಕ್ಷರ ಕಣ್ಣಿಗೆ ತಂಪು ಎನ್ನುತ್ತಾನೆ. ನನಗೆ ಆ ಮಾತು ಸಾಕು, ಅವನಿಗೆ ನಾನು ಬೆಲೆಯ ಲೆಕ್ಕ ಹೇಳಲು ಹೋಗುವುದಿಲ್ಲ. ನನಗೆ ಮಿಂಟ್ ಏಕೆ ಎಂದರೆ, ಅಪ್‌ಡೇಟ್ ಹಾಕಲೇ ಎಂದು ನನ್ನನ್ನು ಕೇಳುತ್ತದೆ, ನಾನು ಹೂಂ ಅನ್ನುವವರೆಗೆ ಕಾಯುತ್ತದೆ. ಪ್ರಬಂಧ ಸಲ್ಲಿಸುವ ಗಡುವಿನ ಹಿಂದಿನ ರಾತ್ರಿ ಆ ಕಾಯುವಿಕೆಯ ಬೆಲೆ ನನಗೆ ಗೊತ್ತು. ಮೆನು ವರ್ಷಗಳಿಂದ ಇದ್ದಲ್ಲೇ ಇದೆ. ಜೊತೆಗೆ ಅದು ಯಾರೊಬ್ಬರ ಆಸ್ತಿಯೂ ಅಲ್ಲ. 1991ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಹಂಚಿಕೊಳ್ಳಲು ಶುರುಮಾಡಿದ ಕೆಲಸದ ಮೇಲೆ ಜಗತ್ತಿನ ಜನ ಕಟ್ಟುತ್ತ ಬಂದದ್ದು, ಅದರಲ್ಲಿ ಕನ್ನಡಕ್ಕಾಗಿ ಫಾಂಟು, ಅನುವಾದ ಮಾಡಿದ ನಮ್ಮವರೂ ಇದ್ದಾರೆ. ಇದು ನನ್ನ ಭಾವನೆ, ನಿಮ್ಮ ಆಯ್ಕೆಗೆ ಅದು ಲೆಕ್ಕಕ್ಕೆ ಬರಬೇಕಿಲ್ಲ.

ಆರಿಸಿದ ಮೇಲೆ ಅಲ್ಲೇ ನಿಲ್ಲಿ. ಇವತ್ತು ಉಬುಂಟು, ಬರುವ ವಾರ ಫೆಡೋರಾ ಎಂದು ಅಲೆದರೆ ಕೈಗೆ ವೇಗ ಬರುವುದಿಲ್ಲ. ಕಡೇಪಕ್ಷ ಒಂದು ದೊಡ್ಡ ಕೆಲಸ, ಒಂದು ಪ್ರಬಂಧವೋ ಒಂದು ವರ್ಷದ ಲೆಕ್ಕವೋ, ಅದರಲ್ಲೇ ಮುಗಿಸಿ. ಶಾರ್ಟ್‌ಕಟ್ ಕಲಿಯಿರಿ. ಕನ್ನಡದಲ್ಲಿ ಏನಾದರೂ ತಪ್ಪು ಕಂಡರೆ ವರದಿ ಮಾಡಿ, ವಿಂಡೋಸಿನಲ್ಲಿ ಫೀಡ್‌ಬ್ಯಾಕ್ ಹಬ್ ಇದೆ, ಲಿನಕ್ಸಿನಲ್ಲಿ ತಯಾರಕರಿಗೇ ನೇರವಾಗಿ ಬರೆಯಬಹುದು. ನಾವು ಹೇಳದಿದ್ದರೆ ಕನ್ನಡದ ಒತ್ತಕ್ಷರ ಕೆಟ್ಟಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಆ ನಿಷ್ಠೆಗೂ ಮಿತಿ ಬೇಕು. ಸುರಕ್ಷತಾ ಅಪ್‌ಡೇಟ್ ನಿಂತ ದಿನ ಅದು ಮುಗಿಯಬೇಕು. 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಂತ ವಿಂಡೋಸ್ ಎಕ್ಸ್‌ಪಿಯನ್ನು ಪೇಜ್‌ಮೇಕರಿಗಾಗಿ ಇನ್ನೂ ಇಟ್ಟುಕೊಂಡ ಪ್ರೆಸ್ಸುಗಳನ್ನು ನಾನು ಬಲ್ಲೆ. ಇಟ್ಟುಕೊಳ್ಳಿ, ಆದರೆ ಅದರ ಇಂಟರ್‌ನೆಟ್ ವೈರು ಕಿತ್ತಿಡಿ, ಅದರಲ್ಲಿ ಬ್ಯಾಂಕಿನ ಪುಟ ತೆರೆಯಬೇಡಿ, ಪೆನ್‌ಡ್ರೈವ್ ಹಚ್ಚುವ ಮೊದಲೂ ತೆಗೆದ ಮೇಲೂ ಬೇರೆ ಯಂತ್ರದಲ್ಲಿ ಸ್ಕ್ಯಾನ್ ಮಾಡಿ.

ಬೇರೆಯವರ ಯಂತ್ರದ ಮೇಲೂ ನಿಮ್ಮ ನಿಷ್ಠೆ ಹೇರಬೇಡಿ. ನಮ್ಮ ಅವ್ವನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ. ಊರಿನಲ್ಲಿ ಅವಳಿಗೆ ಏನಾದರೂ ತೊಡಕಾದರೆ ಓಡಿ ಬರುವವನು ಪಕ್ಕದ ಮನೆಯ ಹುಡುಗ, ಅವನಿಗೆ ಬರುವುದು ವಿಂಡೋಸ್. ನಾನು ಮಿಂಟ್ ಹಾಕಿಟ್ಟು ಧಾರವಾಡಕ್ಕೆ ಬಂದರೆ ಅವಳ ಪ್ರವಚನದ ವಿಡಿಯೊ ನಿಂತ ದಿನ ಸರಿಮಾಡುವವರು ಯಾರು? ಹಿರಿಯರಿಗೆ ಓಎಸ್ ಆರಿಸುವಾಗ ಹತ್ತಿರದ ಸಹಾಯಕ್ಕೆ ಯಾವುದು ಗೊತ್ತು ಎಂದು ಕೇಳಿ, ಅದನ್ನೇ ಹಾಕಿ.

ಕೊನೆಯದಾಗಿ ಒಂದು ಕೆಲಸ. ಓಎಸ್ ಬದಲಿಸಿದ ಮೇಲೆ ಹಳೆಯ ಡಿಸ್ಕನ್ನು ಕೂಡಲೇ ಅಳಿಸಬೇಡಿ, ಕೆಲವು ತಿಂಗಳು ಹಾಗೇ ಇರಲಿ, ಮೇಲೊಂದು ಚೀಟಿ ಅಂಟಿಸಿ ದಿನಾಂಕ ಬರೆಯಿರಿ. ವರ್ಷಕ್ಕೊಮ್ಮೆ ನಿಮ್ಮ ಮುಖ್ಯವಾದ ಫೈಲುಗಳಲ್ಲಿ ಒಂದೆರಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಬೇರೆ ಓಎಸ್ ಇರುವ ಗೆಳೆಯರ ಯಂತ್ರದಲ್ಲಿ ತೆರೆಯಿರಿ. ಅಕ್ಷರ, ಪುಟಸಂಖ್ಯೆ, ಕೋಷ್ಟಕ ನಿಮ್ಮಲ್ಲಿ ಇದ್ದಂತೆಯೇ ಬಂದರೆ ಇದ್ದಲ್ಲೇ ಇರಿ. ಬರದಿದ್ದರೆ ಫಾಂಟ್ ಯಾವುದು, ಫಾರ್ಮ್ಯಾಟ್ ಯಾವುದು ಎಂದು ನೋಡಿ, ಆ ಫೈಲನ್ನು ಅವತ್ತೇ ಸರಿಪಡಿಸಿಕೊಳ್ಳಿ.